ನಿದ್ದೆ ಲೆಕ್ಕ ಇಡುವ ವಾಚು ನಡುರಾತ್ರಿ ಆಫ್ ಆದರೆ ನಷ್ಟ ಯಾರಿಗೆ?

ಸುದ್ದಿಗೆಂದು ಹಳ್ಳಿಗಳಿಗೆ ಹೋದಾಗ ನಮ್ಮನ್ನು ಜನ ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಒಂದು ಹೊಸದು ಸೇರಿಕೊಂಡಿದೆ. "ಡಬ್ಬಿ ಮೇಲೆ 10 ದಿನ ಬ್ಯಾಟರಿ ಅಂತ ಬರ್ದವ್ರೆ. ರಾತ್ರಿ ಕಟ್ಕೊಂಡು ಮಲಗಿದ್ರೆ ಮೂರನೇ ದಿನಕ್ಕೇ ಖಾಲಿ. ಇದು ಡೂಪ್ಲಿಕೇಟಾ ಸಾರ್?" ಕೇಳುವವರು ಕಾಲೇಜು ಹುಡುಗರು ಮಾತ್ರ ಅಲ್ಲ. ಡೇರಿಗೆ ಹಾಲು ಹಾಕಲು ಬಂದವರು, ಟ್ರ್ಯಾಕ್ಟರ್ ಓಡಿಸುವವರು, ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ನರ್ಸಮ್ಮಂದಿರು ಕೂಡ ಕೇಳಿದ್ದಾರೆ.

ಡೂಪ್ಲಿಕೇಟ್ ಇದ್ದರೂ ಇರಬಹುದು. ಆದರೆ ಹೆಚ್ಚಿನ ಸಲ ವಾಚು ಸರಿಯಾಗಿಯೇ ಇರುತ್ತದೆ. ರಾತ್ರಿ ಹೊತ್ತು ಅದಕ್ಕೆ ಹೊರಿಸಿದ ಕೆಲಸ ಹೆಚ್ಚಾಗಿರುತ್ತದೆ, ಅಷ್ಟೇ. ಆ ಕೆಲಸದ ಹೆಸರು ಸ್ಲೀಪ್ ಟ್ರ್ಯಾಕಿಂಗ್. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ, ಎಷ್ಟು ಗಾಢ ನಿದ್ದೆ, ಎಷ್ಟು ಅರೆನಿದ್ದೆ ಎಂದೆಲ್ಲ ಲೆಕ್ಕ ಹಾಕಿ ಬೆಳಿಗ್ಗೆ ನೂರಕ್ಕೆ ಇಷ್ಟು ಎಂದು ಮಾರ್ಕ್ಸ್ ಕೊಡುವ ಫೀಚರ್ ಅದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ರಾತ್ರಿ ಪಾಳಿಯ ಕರೆಂಟಿಗೆ ಎದ್ದು ನೀರು ಬಿಡುವ ಮನೆಗಳಲ್ಲಿ ಈ ಫೀಚರಿನ ದುಬಾರಿ ಭಾಗವನ್ನು ಆಫ್ ಮಾಡಿ ಇಡುವುದೇ ಒಳ್ಳೆಯದು. ಇನ್ನೊಂದು, ನಿದ್ದೆ ಫೀಚರ್ ಪೂರ್ತಿ ಆನ್ ಇದ್ದಾಗ ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂಬುದನ್ನು ಕಂಪನಿಗಳು ಡಬ್ಬಿಯ ಮೇಲೆಯೇ ಅಚ್ಚು ಹಾಕಬೇಕು. ಯಾಕೆ ಎಂದು ಹೇಳುವ ಮೊದಲು ವಾಚು ರಾತ್ರಿಯೆಲ್ಲ ಏನು ಮಾಡುತ್ತದೆ ಎಂಬುದನ್ನು ನೋಡೋಣ.

ವಾಚಿನೊಳಗೆ ಅಲುಗಾಟ ಗುರುತಿಸುವ ಒಂದು ಚಿಕ್ಕ ಚಿಪ್ ಇರುತ್ತದೆ. ಹೆಜ್ಜೆ ಎಣಿಸುವುದೂ ಅದೇ, ನೀವು ಮಗ್ಗುಲು ಬದಲಿಸಿದ್ದನ್ನು ಗಮನಿಸುವುದೂ ಅದೇ. ಕೈ ಬಹಳ ಹೊತ್ತು ಅಲುಗದಿದ್ದರೆ ಮನುಷ್ಯ ಮಲಗಿದ್ದಾನೆ ಎಂದು ಅದು ತಿಳಿಯುತ್ತದೆ. ಊರ ಬಾಗಿಲಲ್ಲಿ ಕೂತು ಸದ್ದಿಗೆ ಕಿವಿ ಕೊಟ್ಟ ಕಾವಲುಗಾರನ ಹಾಗೆ. ಅವನಿಗೆ ಖರ್ಚೂ ಇಲ್ಲ, ದಣಿವೂ ಇಲ್ಲ. ಈ ಚಿಪ್ ತಿನ್ನುವ ಕರೆಂಟ್ ತೀರಾ ಕಡಿಮೆ.

ಎರಡನೆಯದು ವಾಚಿನ ಬೆನ್ನಿಗೆ ಮಿನುಗುವ ಹಸಿರು ದೀಪ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಎದೆ ಬಡಿದಾಗ ಮಣಿಕಟ್ಟಿನಲ್ಲಿ ರಕ್ತ ಹೆಚ್ಚಾಗುತ್ತದೆ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ಹೃದಯ ಬಡಿತ ಹೇಳುತ್ತಾರೆ. ಹೃದಯ ಬಡಿತ ಗೊತ್ತಾದರೆ ನಿದ್ದೆಯಲ್ಲಿ ಗಾಢ ಯಾವುದು, ಅರೆ ಯಾವುದು ಎಂದು ಅಂದಾಜು ಮಾಡಬಹುದು. ಇದು ಲಾಟೀನು ಹಿಡಿದು ಬೀದಿ ಬೀದಿ ಸುತ್ತುವ ಕಾವಲುಗಾರ. ಎಣ್ಣೆ ಬೇಕು. 10 ನಿಮಿಷಕ್ಕೊಮ್ಮೆ ಸುತ್ತಿದರೆ ಒಂದು ಖರ್ಚು, ಬಿಡದೆ ಸುತ್ತುತ್ತಿದ್ದರೆ ಬೇರೆಯೇ ಖರ್ಚು.

ಮೂರನೆಯದು ರಕ್ತದ ಆಮ್ಲಜನಕ ನೋಡುವ ಕೆಂಪು ದೀಪ ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ. ಸೆಟ್ಟಿಂಗಿನಲ್ಲಿ ಎಸ್‌ಪಿಒ2 ಎಂದೋ ಬ್ಲಡ್ ಆಕ್ಸಿಜನ್ ಎಂದೋ ಇರುತ್ತದೆ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಕ್ಲಿಪ್ಪಿನ ವಿದ್ಯೆಯೇ ಇದು. ಬೆರಳಿನಲ್ಲಿ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾದುಹೋಗುತ್ತದೆ. ಮಣಿಕಟ್ಟಿನಲ್ಲಿ ಹಾಗೆ ಹಾಯಲು ಆಗುವುದಿಲ್ಲ, ತಾಗಿ ವಾಪಸ್ ಬಂದ ಬೆಳಕನ್ನೇ ನಂಬಬೇಕು. ರಾತ್ರಿಯಿಡೀ ಬಿಡದೆ ಇದನ್ನು ನೋಡುತ್ತಿರು ಎಂದರೆ ಬ್ಯಾಟರಿ ಕರಗುತ್ತದೆ.

ಸ್ಟ್ರಾಪ್ ಸಡಿಲ ಇದ್ದರೆ ಚಾರ್ಜ್ ಇನ್ನೂ ಬೇಗ ಇಳಿಯಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಬೆಳಕು ಸರಿಯಾಗಿ ವಾಪಸ್ ಬರದಿದ್ದರೆ ಕೆಲವು ವಾಚುಗಳು ತಾವೇ ದೀಪದ ಪ್ರಖರತೆ ಏರಿಸಿಕೊಂಡು ಮತ್ತೆ ಮತ್ತೆ ಪ್ರಯತ್ನ ಮಾಡುತ್ತವೆ. ಹಚ್ಚೆ ಇರುವ ಕೈಗೂ ಇದೇ ಕಷ್ಟ, ಹಚ್ಚೆಯ ಬಣ್ಣ ಬೆಳಕನ್ನು ತಡೆಯುತ್ತದೆ. ನಮ್ಮ ಕಡೆ ಅಜ್ಜಿಯರ ಮುಂಗೈ ತುಂಬ ಹಚ್ಚೆ ಇರುತ್ತದೆ. ಮೊಮ್ಮಗ ಪ್ರೀತಿಯಿಂದ ತಂದುಕೊಟ್ಟ ವಾಚು ಅಜ್ಜಿಯ ಕೈಯಲ್ಲಿ ಸುಮ್ಮನೆ ಒದ್ದಾಡುತ್ತದೆ. ಬಳೆ ಸರಿಸಿಕೊಂಡು ವಾಚನ್ನು ಎಲ್ಲೋ ಮೇಲಕ್ಕೆ ಸಡಿಲವಾಗಿ ಕಟ್ಟುವ ಹೆಣ್ಣುಮಕ್ಕಳದ್ದೂ ಅದೇ ಕತೆ. ಈ ವಾಚುಗಳನ್ನು ಮಾಡಿದವರಿಗೆ ಗಾಜಿನ ಬಳೆಯ ಕೈ ನೆನಪಿಗೆ ಬಂದಂತೆ ಕಾಣುವುದಿಲ್ಲ.

ನಿದ್ದೆ ಲೆಕ್ಕಕ್ಕೆ ಇಷ್ಟೆಲ್ಲ ದೀಪ ಬೇಕೇ ಬೇಕು ಅಂತೇನೂ ಇಲ್ಲ. ಶಿಯೋಮಿ ಕಂಪನಿ 2014ರಲ್ಲಿ ಬಿಟ್ಟ ಮೊದಲ ಮಿ ಬ್ಯಾಂಡ್ ನೆನಪಿದೆಯಾ? 2015ರಲ್ಲಿ ನಮ್ಮ ದೇಶಕ್ಕೆ 999 ರೂಪಾಯಿಗೆ ಬಂತು. ಅದಕ್ಕೆ ಪರದೆಯೇ ಇರಲಿಲ್ಲ, ಹೃದಯ ಬಡಿತದ ದೀಪವೂ ಇರಲಿಲ್ಲ. ಬ್ಯಾಟರಿ ಬರೀ 41 ಎಂಎಎಚ್. ಈಗ ನಿಮ್ಮ ಕೈಯಲ್ಲಿರುವ ಫೋನಿನದು 5000 ಎಂಎಎಚ್ ಆಸುಪಾಸು ಇರುತ್ತದೆ, ಹೋಲಿಸಿ ನೋಡಿ. ಅಷ್ಟು ಪುಟ್ಟ ಬ್ಯಾಟರಿಯಲ್ಲಿ 30 ದಿನ ಬರುತ್ತದೆ ಎಂದು ಕಂಪನಿ ಹೇಳಿತ್ತು. ಆಗಲೂ ಅದು ನಿದ್ದೆ ಲೆಕ್ಕ ಹಾಕುತ್ತಿತ್ತು, ಬರೀ ಅಲುಗಾಟ ನೋಡಿಕೊಂಡು. ಆಮೇಲೆ ಬಂದ ವಾಚುಗಳಲ್ಲಿ ಬ್ಯಾಟರಿ ಐದಾರು ಪಟ್ಟು ದೊಡ್ಡದಾಯಿತು. ಪರದೆ, ದೀಪ, ಬ್ಲೂಟೂತ್ ಕಾಲಿಂಗ್ ಎಲ್ಲ ಬಂದವು. ದಿನ ಮಾತ್ರ ಕಡಿಮೆಯಾಯಿತು.

ದುಬಾರಿ ವಾಚು ಕೊಂಡವರು ಬಚಾವು ಎಂದುಕೊಳ್ಳಬೇಡಿ. ಆ್ಯಪಲ್ ವಾಚಿಗೆ ಕಂಪನಿ ಬಹಳ ವರ್ಷ ಹೇಳುತ್ತಿದ್ದದ್ದೇ 18 ಗಂಟೆ. 2020ರಲ್ಲಿ ಅದಕ್ಕೆ ಕಂಪನಿಯದೇ ನಿದ್ದೆ ಫೀಚರ್ ಬಂದಾಗ ಜನರ ಮೊದಲ ಪ್ರಶ್ನೆ, ಹಾಗಾದರೆ ಚಾರ್ಜ್ ಮಾಡುವುದು ಯಾವಾಗ ಎಂಬುದಾಗಿತ್ತು. ಮಲಗುವ ಮೊದಲು ಚಾರ್ಜ್ ಶೇ. 30ಕ್ಕಿಂತ ಕಡಿಮೆ ಇದ್ದರೆ ಅದು ಚಾರ್ಜ್ ಮಾಡಿ ಎಂದು ನೆನಪಿಸುತ್ತದೆ. ಫಿಟ್‌ಬಿಟ್ ಬ್ಯಾಂಡುಗಳಲ್ಲಿ ಚಾರ್ಜ್ ತೀರಾ ತಳಕ್ಕೆ ಹೋದರೆ ಗಾಢ ನಿದ್ದೆ, ಅರೆನಿದ್ದೆ ಎಂಬ ವಿವರವೇ ಬರುವುದಿಲ್ಲ. ಅಂದರೆ ಈ ಕಷ್ಟ ಬರೀ 1,500 ರೂಪಾಯಿ ವಾಚಿನದಲ್ಲ.

ಆದರೂ ಒಂದು ವ್ಯತ್ಯಾಸ ಇದೆ. ದುಬಾರಿ ವಾಚಿನವರು ಇಷ್ಟು ಗಂಟೆ ಎಂದು ಮೊದಲೇ ಹೇಳಿರುತ್ತಾರೆ. ಕಡಿಮೆ ಬೆಲೆಯ ವಾಚಿನ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ 7 ದಿನ, 10 ದಿನ, 15 ದಿನ ಎಂದಿರುತ್ತದೆ. ಮುಂದೆ ಒಂದು ಚುಕ್ಕಿಯೋ ನಕ್ಷತ್ರವೋ. ಆ ನಕ್ಷತ್ರದ ಅರ್ಥ ಡಬ್ಬಿಯ ಹಿಂದೆ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ಸಾಮಾನ್ಯ ಬಳಕೆಯಲ್ಲಿ, ಪ್ರಯೋಗಶಾಲೆಯ ಸ್ಥಿತಿಯಲ್ಲಿ, ಸೆಟ್ಟಿಂಗ್ ಮೇಲೆ ಅವಲಂಬಿತ ಎಂದು. ಸಾಮಾನ್ಯ ಬಳಕೆ ಎಂದರೆ ಏನು ಎಂದು ಹುಡುಕುತ್ತ ಹೋದರೆ ಎಷ್ಟೋ ಕಡೆ ಹೃದಯ ಬಡಿತ ಆಗೊಮ್ಮೆ ಈಗೊಮ್ಮೆ ನೋಡುವುದು, ರಾತ್ರಿಯ ಆಮ್ಲಜನಕ ಆಫ್, ಸದಾ ಬೆಳಗುವ ಪರದೆ ಆಫ್ ಎಂದು ಸಿಗುತ್ತದೆ. ಟಿವಿ ಜಾಹೀರಾತಿನಲ್ಲಿ ಯಾವ ಫೀಚರನ್ನು ತೋರಿಸಿ ವಾಚು ಮಾರುತ್ತಾರೋ ಆ ಫೀಚರನ್ನು ಮುಚ್ಚಿಟ್ಟು ಬ್ಯಾಟರಿ ಅಳೆಯುತ್ತಾರೆ.

ಇದನ್ನು ಮೋಸ ಎನ್ನಲು ಕಾನೂನಿನಲ್ಲಿ ಜಾಗ ಇದೆಯೋ ಇಲ್ಲವೋ ವಕೀಲರು ಹೇಳಲಿ. ನಮಗೆ ಅನ್ನಿಸುವುದು ಇಷ್ಟು: ಫ್ರಿಜ್ ಕೊಳ್ಳಲು ಹೋದರೆ ಬಾಗಿಲ ಮೇಲೆ ನಕ್ಷತ್ರದ ಚೀಟಿ ಇರುತ್ತದೆ, ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಓದು ಬಾರದವರೂ ನಕ್ಷತ್ರ ಎಣಿಸಿ ಫ್ರಿಜ್ ಆರಿಸುತ್ತಾರೆ. ಬಿಸ್ಕತ್ತಿನ ಪೊಟ್ಟಣದ ಮೇಲೂ ತೂಕ, ಗರಿಷ್ಠ ಬೆಲೆ, ತಯಾರಾದ ತಿಂಗಳು, ದೂರು ಕೊಡಲು ವಿಳಾಸ ಇರಲೇಬೇಕು ಎಂಬ ನಿಯಮ ಇದೆ. ವಾಚಿನ ಡಬ್ಬಿಯ ಮೇಲೆ ಎರಡು ಅಂಕಿ ಹಾಕಲು ಏನು ಕಷ್ಟ? ನಿದ್ದೆ ಫೀಚರ್ ಆಫ್ ಇದ್ದರೆ ಇಷ್ಟು ದಿನ, ಪೂರ್ತಿ ಆನ್ ಇದ್ದರೆ ಇಷ್ಟು ದಿನ. ಕನ್ನಡದಲ್ಲೂ ಇರಲಿ. ಮಾರುವಾಗ ಅಂಗಡಿಯವರು ಕನ್ನಡದಲ್ಲೇ ತಾನೇ ಮಾತಾಡುವುದು.

ಐಡಿಸಿ ಎಂಬ ಮಾರುಕಟ್ಟೆ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಭಾರತದ ಮಾರುಕಟ್ಟೆಗೆ 5 ಕೋಟಿಗೂ ಹೆಚ್ಚು ಸ್ಮಾರ್ಟ್‌ವಾಚ್ ಬಂದವು. 2024ರಲ್ಲಿ ಅದು ಸುಮಾರು ಮೂರನೇ ಒಂದು ಭಾಗದಷ್ಟು ಕುಸಿಯಿತು. ಕಾರಣ ಹಲವು ಇರಬಹುದು. ಮೊದಲ ವಾಚು ಡ್ರಾಯರಿನೊಳಗೆ ಸತ್ತು ಬಿದ್ದಿರುವ ಮನೆಯಲ್ಲಿ ಎರಡನೆಯದನ್ನು ಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ ಎಂದು ನಮಗಂತೂ ಅನ್ನಿಸುತ್ತದೆ.

ಈಗ ನಮ್ಮ ರಾತ್ರಿಗೆ ಬರೋಣ.

ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ಸರ್ಕಾರದ ಮಾತು. 2023ರ ಬರಗಾಲದಲ್ಲಿ ಅದು 5 ಗಂಟೆಗೆ ಇಳಿದು, ಗಲಾಟೆ ಆಗಿ, ಮತ್ತೆ 7 ಎಂದು ಆದೇಶ ಬಂದದ್ದು ನಿಮಗೆ ನೆನಪಿರಬಹುದು. ಆ 7 ಗಂಟೆ ಯಾವ 7 ಗಂಟೆ ಎಂಬುದು ಮಾತ್ರ ಊರೂರಿಗೆ ಬೇರೆ. ಬಹಳ ಫೀಡರುಗಳಲ್ಲಿ ಪಾಳಿ ಇದೆ, ಹಗಲು ಸ್ವಲ್ಪ ರಾತ್ರಿ ಸ್ವಲ್ಪ, ಅಥವಾ ಈ ವಾರ ಹಗಲು ಮುಂದಿನ ವಾರ ರಾತ್ರಿ. ನಡುರಾತ್ರಿ ತ್ರೀ ಫೇಸ್ ಬಂದರೆ ಎದ್ದು ಹೋಗಲೇಬೇಕು. ಮಡಿ ತುಂಬಿದ ಮೇಲೆ ನೀರು ತಿರುಗಿಸಬೇಕು. ಕತ್ತಲಲ್ಲಿ ಹಾವು, ಒದ್ದೆ ಕೈಯಲ್ಲಿ ಸ್ಟಾರ್ಟರು, ಕಾಡಂಚಿನ ಊರುಗಳಲ್ಲಿ ಆನೆ, ಚಿರತೆ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ನಮ್ಮ ರಾಜ್ಯ ಸೇರಿಸಿದ್ದು 2024ರಲ್ಲಿ. ಸೇರಿಸುವ ಪರಿಸ್ಥಿತಿ ಇತ್ತು ಎಂದೇ ಅರ್ಥ.

ರಾತ್ರಿ ಎದ್ದಿರುವವರು ನೀರು ಬಿಡುವವರು ಮಾತ್ರ ಅಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಕೊಡುವವರಿಗೆ ನೆಟ್ಟಗೆ ನಿದ್ದೆ ಇಲ್ಲ. ತರಕಾರಿ ಗಾಡಿಯ ಜೊತೆ ಮಾರ್ಕೆಟ್ಟಿಗೆ ಹೊರಡುವವರು 2 ಗಂಟೆಗೆ ಏಳುತ್ತಾರೆ. ಸುದ್ದಿ ಎಂದು ಫೋನ್ ಬಂದರೆ ಹೊರಡುವ ನಮ್ಮಂಥ ಸ್ಟ್ರಿಂಗರುಗಳ ಪಾಡೂ ಹೆಚ್ಚು ಬೇರೆ ಏನಲ್ಲ.

ಇಂಥವರ ಕೈಯಲ್ಲಿ ವಾಚಿನ ನಿಜವಾದ ಉಪಯೋಗ ಒಂದಿದೆ. ಅದು ಮಣಿಕಟ್ಟನ್ನು ನಡುಗಿಸಿ ಎಬ್ಬಿಸುವುದು. ಫೋನಿನ ಅಲಾರಂ ಹೊಡೆದರೆ ಮನೆಯವರೆಲ್ಲ ಏಳುತ್ತಾರೆ, ತೊಟ್ಟಿಲ ಮಗು ಅಳುತ್ತದೆ. ವಾಚು ನಡುಗಿದರೆ ಕಟ್ಟಿಕೊಂಡವರು ಮಾತ್ರ ಏಳುತ್ತಾರೆ. ಹೆಚ್ಚಿನ ವಾಚುಗಳಲ್ಲಿ ಅಲಾರಂ ಒಮ್ಮೆ ಇಟ್ಟರೆ ಫೋನ್ ದೂರ ಇದ್ದರೂ ನಡೆಯುತ್ತದೆ. ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇಟ್ಟುಕೊಂಡವರಿಗೆ ಕರೆಂಟ್ ಬಂತು ಎಂಬ ಕಾಲ್ ಅಥವಾ ಮೆಸೇಜು ವಾಚಿನಲ್ಲೇ ತಿಳಿಯುತ್ತದೆ. ಅದಕ್ಕೆ ಬ್ಲೂಟೂತ್ ಆನ್ ಇರಬೇಕು, ಫೋನ್ ಅದೇ ಕೋಣೆಯಲ್ಲೋ ಪಕ್ಕದಲ್ಲೋ ಇರಬೇಕು. ದಿನಕ್ಕೆ ಒಂದೆರಡು ಸಲ ನಡುಗುವುದಕ್ಕೆ ತಗಲುವ ಚಾರ್ಜು ಲೆಕ್ಕಕ್ಕೇ ಇಲ್ಲ.

ಈ ಒಂದು ಉಪಕಾರವನ್ನು ನಿದ್ದೆ ಫೀಚರ್ ಕಿತ್ತುಕೊಳ್ಳುತ್ತದೆ ಎಂಬುದೇ ನಮ್ಮ ತಕರಾರು. ರಾತ್ರಿ 10ಕ್ಕೆ ಶೇ. 18 ಚಾರ್ಜ್ ಇತ್ತು ಎನ್ನಿ. ದೀಪಗಳೆಲ್ಲ ಆಫ್ ಇದ್ದಿದ್ದರೆ ಆ 18 ಬೆಳಗಿನ ತನಕ ಸಾಕಾಗಿ ಉಳಿಯುತ್ತಿತ್ತು. ಹಸಿರು, ಕೆಂಪು ಎರಡೂ ಬಿಡದೆ ಉರಿದರೆ ನಡುರಾತ್ರಿ ವಾಚು ಕಣ್ಣು ಮುಚ್ಚುತ್ತದೆ. 1 ಗಂಟೆಗೆ ಅಲಾರಂ ಇಟ್ಟವರು 4ಕ್ಕೆ ಎಚ್ಚರಾಗುತ್ತಾರೆ. ಅಷ್ಟರಲ್ಲಿ ಅರ್ಧ ಪಾಳಿ ಮುಗಿದಿರುತ್ತದೆ. ಮುಂದಿನ ಸರದಿ ಬರುವ ತನಕ ಶೇಂಗಾ ಒಣಗುತ್ತದೆ. ಗಾಢ ನಿದ್ದೆ ಇಷ್ಟು ನಿಮಿಷ ಎಂಬ ಅಂಕಿಗೆ ತೆತ್ತ ಬೆಲೆ ಅದು.

ಅಷ್ಟು ಬೆಲೆ ತೆತ್ತು ಸಿಗುವ ಅಂಕಿಯಾದರೂ ಎಂಥದ್ದು? ದೊಡ್ಡ ಆಸ್ಪತ್ರೆಗಳಲ್ಲಿ ನಿದ್ದೆ ಪರೀಕ್ಷೆ ಮಾಡುವಾಗ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡುತ್ತಾರೆ. ಕಣ್ಣಿನ ಚಲನೆ, ಉಸಿರು, ಆಮ್ಲಜನಕ, ಸ್ನಾಯು ಎಲ್ಲ ಸೇರಿಸಿ ಇಂಥ ಹೊತ್ತು ಗಾಢ ನಿದ್ದೆ ಎನ್ನುತ್ತಾರೆ. ವಾಚಿಗೆ ಮೆದುಳು ಕಾಣುವುದಿಲ್ಲ. ಅಲುಗಾಟ, ಬಡಿತ ನೋಡಿ ಊಹೆ ಮಾಡುತ್ತದೆ. ಮಲಗಿದ್ದನ್ನು ಅದು ಚೆನ್ನಾಗಿಯೇ ಗುರುತಿಸುತ್ತದೆ. ಎಚ್ಚರ ಇದ್ದು ಅಲುಗದೆ ಬಿದ್ದುಕೊಂಡಿದ್ದರೆ ಗುರುತಿಸುವುದು ಕಷ್ಟ. ಸಾಲದ ಚಿಂತೆಯಲ್ಲಿ ಸೂರು ನೋಡುತ್ತ ಮಲಗಿದವರಿಗೂ ಬೆಳಿಗ್ಗೆ ಒಳ್ಳೆ ನಿದ್ದೆ ಎಂದು ಮಾರ್ಕ್ಸ್ ಬರಬಹುದು.

ಎರಡು ತುಂಡಾದ ರಾತ್ರಿ ಬಂದರೆ ಲೆಕ್ಕ ಇನ್ನೂ ಕೆಡುತ್ತದೆ. ಫಿಟ್‌ಬಿಟ್‌ನಂಥ ಕಂಪನಿಯ ನಿಯಮವೇ ಇದೆ, ಕನಿಷ್ಠ 3 ಗಂಟೆ ನಿದ್ದೆ ಸಿಕ್ಕರೆ ಮಾತ್ರ ಗಾಢ ಎಷ್ಟು, ಅರೆ ಎಷ್ಟು ಎಂಬ ವಿವರ. 10ರಿಂದ 12, ಆಮೇಲೆ 4ರಿಂದ 6 ಮಲಗಿದವರ ನಿದ್ದೆ ಆ ಲೆಕ್ಕಕ್ಕೇ ಸಿಗುವುದಿಲ್ಲ. ಆಮೇಲೆ ಬರುವ ಬುದ್ಧಿಮಾತು ನೋಡಿ: ದಿನಾ ಒಂದೇ ಹೊತ್ತಿಗೆ ಮಲಗಿ, ಮಲಗುವ ಮುಂಚೆ ಫೋನ್ ನೋಡಬೇಡಿ, ಧ್ಯಾನ ಮಾಡಿ. ಕರೆಂಟ್ ಬರುವುದೇ 12ಕ್ಕೆ ಎಂದು ಆ್ಯಪಿಗೆ ಹೇಳುವವರು ಯಾರು?

ಈ ಮಾರ್ಕ್ಸಿನ ಚಿಂತೆಯಲ್ಲೇ ನಿದ್ದೆ ಕೆಡಿಸಿಕೊಳ್ಳುವವರೂ ಇದ್ದಾರೆ. ಅಮೆರಿಕದ ಸಂಶೋಧಕರು 2017ರಲ್ಲಿ ಇದಕ್ಕೆ ಆರ್ಥೋಸೋಮ್ನಿಯಾ ಎಂದು ಹೆಸರಿಟ್ಟರು. ಹೆಸರು ದೊಡ್ಡದಾಯಿತು, ವಿಷಯ ಚಿಕ್ಕದು: ಚೆನ್ನಾಗಿ ನಿದ್ದೆ ಬಂದು ಎದ್ದ ಮನುಷ್ಯ ವಾಚು ನೋಡಿ, ಅಯ್ಯೋ ಸರಿಯಾಗಿ ನಿದ್ದೆ ಆಗಿಲ್ಲವಂತೆ ಎಂದು ದಿನವಿಡೀ ಆಕಳಿಸುವುದು.

ಹಾಗಂತ ಪೂರ್ತಿ ನಿರುಪಯೋಗಿ ಎಂದು ನಾವು ಹೇಳುತ್ತಿಲ್ಲ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ, ತಿಂಗಳಲ್ಲಿ ಒಟ್ಟು ಎಷ್ಟು ಗಂಟೆ ಎಂಬ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಈ ಲೆಕ್ಕಕ್ಕೆ ಅಲುಗಾಟದ ಚಿಪ್ಪೇ ಸಾಕು. ನಿಮ್ಮ ವಾಚಿನ ಸೆಟ್ಟಿಂಗಿನಲ್ಲಿ ಸಾದಾ ನಿದ್ದೆ ಲೆಕ್ಕ ಬೇರೆ, ಹೈ ಪ್ರಿಸಿಷನ್ ಅಥವಾ ಅಡ್ವಾನ್ಸ್ಡ್ ಸ್ಲೀಪ್ ಬೇರೆ ಇದ್ದರೆ ಸಾದಾ ಇರಲಿ, ಎರಡನೆಯದು ಆಫ್ ಆಗಲಿ. ರಾತ್ರಿಯ ಆಮ್ಲಜನಕ ಆಫ್. ಹೃದಯ ಬಡಿತ ಬಿಡದೆ ಎಂಬುದನ್ನು ಬದಲಿಸಿ 10 ಅಥವಾ 30 ನಿಮಿಷಕ್ಕೊಮ್ಮೆ ಎಂದು ಇಡಿ. ಕೈ ಎತ್ತಿದರೆ ಪರದೆ ಬೆಳಗುವ ಸೆಟ್ಟಿಂಗನ್ನು ರಾತ್ರಿಗೆ ಆಫ್ ಮಾಡಿ. ಮಗ್ಗುಲು ಬದಲಿಸಿದಾಗೆಲ್ಲ ಹೊದಿಕೆಯೊಳಗೆ ಪರದೆ ಹೊತ್ತಿಕೊಳ್ಳುವುದು ಚಾರ್ಜಿಗೂ ಕೇಡು, ಪಕ್ಕದಲ್ಲಿ ಮಲಗಿದವರ ಕಣ್ಣಿಗೂ ಕೇಡು. ವಾಟ್ಸಾಪ್ ಗ್ರೂಪಿನ ಶುಭರಾತ್ರಿಗಳಿಗೆಲ್ಲ ಕೈ ನಡುಗುವುದು ಬೇಡ, ಅಲಾರಂ ಮತ್ತು ಕಾಲ್ ಮಾತ್ರ ಸಾಕು. ಡು ನಾಟ್ ಡಿಸ್ಟರ್ಬ್ ಹಾಕಿದರೆ ಕೆಲವು ವಾಚಿನಲ್ಲಿ ಕಾಲ್ ಕೂಡ ನಿಲ್ಲುತ್ತದೆ, ಸ್ಟಾರ್ಟರ್ ಕಾಲಿಗೆ ಕಾಯುವವರು ಒಮ್ಮೆ ಪರೀಕ್ಷೆ ಮಾಡಿಯೇ ಮಲಗಿ.

ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಬೇಕು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವವರು, ರಾತ್ರಿ ಮಲಗಿದ್ದರೂ ಹಗಲು ಗಾಡಿ ಓಡಿಸುವಾಗ ತೂಕಡಿಸುವವರು ವಾಚನ್ನು ನಂಬಿಕೊಂಡು ಕೂರಬಾರದು, ಡಾಕ್ಟರ ಹತ್ತಿರ ಹೋಗಬೇಕು. ಸ್ಲೀಪ್ ಆ್ಯಪ್ನಿಯಾ ಎಂಬ ಈ ತೊಂದರೆಯ ಸುಳಿವು ಕೊಡುವ ಫೀಚರಿಗೆ ಅಮೆರಿಕದ ಔಷಧ ನಿಯಂತ್ರಕರು 2024ರಲ್ಲಿ ಒಪ್ಪಿಗೆ ಕೊಟ್ಟಿದ್ದು ನಿಜ, ಅದು ಸ್ಯಾಮ್‌ಸಂಗ್ ಮತ್ತು ಆ್ಯಪಲ್‌ನ ಕೆಲವು ದುಬಾರಿ ವಾಚುಗಳಿಗೆ. ಸಂತೆಯಲ್ಲಿ ಸಿಗುವ ವಾಚಿನ ಆಮ್ಲಜನಕದ ಅಂಕಿಯನ್ನು ಅದರ ಜೊತೆ ತೂಗಬೇಡಿ. ಅಂಥ ವಾಚಿನ ಡಬ್ಬಿಯಲ್ಲೋ ಆ್ಯಪಿನಲ್ಲೋ ಇದು ವೈದ್ಯಕೀಯ ಸಾಧನ ಅಲ್ಲ ಎಂದು ಬರೆದಿರುತ್ತದೆ, ಹುಡುಕಿ ಓದಿ. ನಿದ್ದೆಯ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆ. ಚಿಂತೆಯಿಂದಲೇ ನಿದ್ದೆ ಬಾರದವರು ಸರ್ಕಾರದ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಚಾರ್ಜ್ ಬೇಗ ಇಳಿದರೆ ಏನಂತೆ, ಮತ್ತೆ ಹಾಕಿದರಾಯಿತು ಎನ್ನುವವರಿಗೆ ಒಂದು ಲೆಕ್ಕ. ಈ ಲಿಥಿಯಂ ಬ್ಯಾಟರಿಗಳು ಖಾಲಿಯಿಂದ ಪೂರ್ತಿ ತನಕ ಸುಮಾರು 300ರಿಂದ 500 ಸಲ ಚಾರ್ಜ್ ಆಗುವಷ್ಟರಲ್ಲಿ ಶಕ್ತಿ ಕಳೆದುಕೊಳ್ಳುತ್ತ ಬರುತ್ತವೆ. 10 ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ವರ್ಷಕ್ಕೆ 36 ಸಲ. 2 ದಿನಕ್ಕೊಮ್ಮೆ ಮಾಡಿದರೆ ವರ್ಷಕ್ಕೆ 180 ಸಲ ಮೀರುತ್ತದೆ, ಎರಡು ವರ್ಷಕ್ಕೆ ಬ್ಯಾಟರಿ ಮುದಿಯಾಗುತ್ತದೆ. ಫೋನಿಗಾದರೆ ತಾಲ್ಲೂಕು ಕೇಂದ್ರದಲ್ಲಿ ಬ್ಯಾಟರಿ ಹಾಕಿಕೊಡುತ್ತಾರೆ. ಅಂಟು ಹಾಕಿ ಮುಚ್ಚಿದ ವಾಚನ್ನು ಬಿಚ್ಚಿ ಬ್ಯಾಟರಿ ಹಾಕುವವರು ನಮ್ಮ ಜಿಲ್ಲೆಯಲ್ಲಂತೂ ನಮಗೆ ಸಿಕ್ಕಿಲ್ಲ. ಬಿಸಿಲೂ ಬ್ಯಾಟರಿಗೆ ವೈರಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ತಗಡಿನ ಶೆಡ್ಡಿನಲ್ಲಿ ಚಾರ್ಜಿಗಿಟ್ಟ ವಾಚು ಬೇಗ ಹಾಳಾಗುತ್ತದೆ. ನೆರಳಲ್ಲಿಡಿ, ತಣ್ಣಗಿನ ಹೊತ್ತಿನಲ್ಲಿ ಹಾಕಿ.

ಪೇಟೆಯವರಿಗೆ ಸ್ನಾನದ ಹೊತ್ತಿನಲ್ಲಿ ಚಾರ್ಜಿಗಿಡಿ ಎಂದು ಬುದ್ಧಿ ಹೇಳುತ್ತಾರೆ. ಬೆಳಿಗ್ಗೆ ಸ್ನಾನದ ಹೊತ್ತಿಗೇ ಕರೆಂಟ್ ತೆಗೆಯುವ ಊರುಗಳಿಗೆ ಅದು ಒಗ್ಗುವುದಿಲ್ಲ. ಸಂಜೆ ಹಾಲು ಕರೆದು ಡೇರಿಗೆ ಹೋಗಿ ಬರುವ ಹೊತ್ತು ಅಥವಾ ರಾತ್ರಿ ಊಟದ ಹೊತ್ತು ನಮಗೆ ಸರಿ. ಮಲಗುವಾಗ ಅರ್ಧಕ್ಕಿಂತ ಮೇಲಿದ್ದರೆ ರಾತ್ರಿ ಪಾಳಿಗೆ ಭಯ ಇಲ್ಲ. ಚಾರ್ಜರ್ ವೈರನ್ನು ಸ್ವಿಚ್ ಬೋರ್ಡಿನ ಹತ್ತಿರವೇ ಮೊಳೆಗೆ ನೇತು ಹಾಕಿ. ಆ ಅಯಸ್ಕಾಂತದ ವೈರು ಕಳೆದುಹೋದರೆ ಬೇರೆ ವಾಚಿನದು ಇದಕ್ಕೆ ಕೂರುವುದೇ ಅಪರೂಪ, ವೈರಿಲ್ಲದೆ ಮೂಲೆ ಸೇರಿದ ವಾಚುಗಳನ್ನು ನಾವು ಸಾಕಷ್ಟು ನೋಡಿದ್ದೇವೆ.

ನಿಮ್ಮ ವಾಚು ಡೂಪ್ಲಿಕೇಟಾ, ಸೆಟ್ಟಿಂಗಿನ ಕಾಟವಾ ಎಂದು ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ. ಮೂರು ರಾತ್ರಿ ನಿದ್ದೆ ಫೀಚರ್ ಪೂರ್ತಿ ಆನ್ ಮಾಡಿ, ಮಲಗುವಾಗ ಎಷ್ಟು, ಎದ್ದಾಗ ಎಷ್ಟು ಎಂದು ಕ್ಯಾಲೆಂಡರಿನ ಮೇಲೆ ಬರೆಯಿರಿ. ಮುಂದಿನ ಮೂರು ರಾತ್ರಿ ದೀಪಗಳನ್ನೆಲ್ಲ ಆಫ್ ಮಾಡಿ ಹಾಗೆಯೇ ಬರೆಯಿರಿ. ರಾತ್ರಿ ಒಂದಕ್ಕೇ ಶೇ. 20 ಇಳಿಯುತ್ತಿದ್ದರೆ ಹಗಲು ಏನೂ ಖರ್ಚಾಗದಿದ್ದರೂ 5 ರಾತ್ರಿಗೆ ಮುಗಿಯಿತು, ಡಬ್ಬಿಯ 10 ದಿನ ಎಲ್ಲಿಂದ ಬರಬೇಕು? ಎಲ್ಲ ಆಫ್ ಮಾಡಿದ ಮೇಲೂ ಅಷ್ಟೇ ಇಳಿದರೆ ಬ್ಯಾಟರಿಯಲ್ಲೇ ದೋಷ. ಬಿಲ್ಲು, ವಾರಂಟಿ ಕಾರ್ಡು ಹಿಡಿದು ಅಂಗಡಿಗೆ ಹೋಗಿ. ಅಲ್ಲಿ ಕೇಳದಿದ್ದರೆ ಕೇಂದ್ರದ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ಲು ಇಲ್ಲದೆ ಸಂತೆಯಲ್ಲಿ ಕೊಂಡವರಿಗೆ ನಾವು ಹೇಳುವುದು ಏನೂ ಉಳಿದಿಲ್ಲ.

ಕರೆಂಟಿನ ವಿಷಯದಲ್ಲಿ ನಮ್ಮದೊಂದು ಆಸೆ ಇದೆ. ಪಂಪ್‌ಸೆಟ್ ಫೀಡರುಗಳಿಗೆ ಸೋಲಾರ್ ಜೋಡಿಸಿ ಹಗಲಲ್ಲೇ ತ್ರೀ ಫೇಸ್ ಕೊಡುವ ಕುಸುಮ್-ಸಿ ಯೋಜನೆ ರಾಜ್ಯದಲ್ಲಿ ಶುರುವಾಗಿದೆ. ಯಾವ ಫೀಡರಿಗೆ ಯಾವಾಗ ಎಂಬುದನ್ನು ಕೇಳಬೇಕಾದವರು ಆ ಫೀಡರಿನ ರೈತರೇ. ಕೇಳಲು ಹೋಗುವಾಗ ಕೈಯಲ್ಲೊಂದು ಕಾಗದ ಇದ್ದರೆ ಮಾತಿಗೆ ತೂಕ ಬರುತ್ತದೆ. ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಯಾವುದೇ ಇರಲಿ, ಗ್ರಾಹಕರ ಸಭೆ ಕರೆದಾಗ "ರಾತ್ರಿ ನಿದ್ದೆ ಇಲ್ಲ ಸಾರ್" ಎಂದರೆ ಬರೆದುಕೊಂಡು ಸುಮ್ಮನಾಗುತ್ತಾರೆ. ಒಂದು ತಿಂಗಳ ಮಲಗಿದ್ದು ಎದ್ದದ್ದು, ಕರೆಂಟ್ ಬಂದದ್ದು ಹೋದದ್ದು ಪಕ್ಕಪಕ್ಕ ಬರೆದು ಊರಿನ 20 ಮನೆಯವರು ಮುಂದಿಟ್ಟರೆ ಉತ್ತರ ಕೊಡಬೇಕಾಗುತ್ತದೆ. ಸಾದಾ ನಿದ್ದೆ ಲೆಕ್ಕವನ್ನು ಆನ್ ಇಟ್ಟುಕೊಳ್ಳಿ ಎಂದು ನಾವು ಹೇಳಿದ್ದು ಇದಕ್ಕೂ ಸೇರಿ.

ನಾವೂ ಈ ಲೆಕ್ಕ ಸೇರಿಸಲು ಹೊರಟಿದ್ದೇವೆ. ನಿಮ್ಮ ವಾಚು ಯಾವುದು, ಡಬ್ಬಿಯ ಮೇಲೆ ಎಷ್ಟು ದಿನ ಎಂದಿದೆ, ಫೀಚರ್ ಆನ್ ಇದ್ದಾಗ ರಾತ್ರಿ ಎಷ್ಟು ಇಳಿಯಿತು, ಆಫ್ ಇದ್ದಾಗ ಎಷ್ಟು, ನಿಮ್ಮ ಊರಿನ ತ್ರೀ ಫೇಸ್ ಪಾಳಿ ಯಾವ ಹೊತ್ತಿಗೆ ಎಂದು ಈ ಬರಹದ ಕೆಳಗೆ ಬರೆಯಿರಿ. ಹೆಸರು ಬೇಡ, ತಾಲ್ಲೂಕಿನ ಹೆಸರು ಸಾಕು. ಟೈಪ್ ಮಾಡಲು ಬಾರದವರು ಕ್ಯಾಲೆಂಡರಿನ ಫೋಟೋ ಹಾಕಿ, ಓದಿಕೊಳ್ಳುತ್ತೇವೆ.